ಕಳೆದುಹೋದ ದನದ ಕಾಗದ

ನಾನು ಮದುವೆಯಾಗಿ ಕುಷ್ಟಗಿಗೆ ಬಂದಾಗ ನಮ್ಮವರು ಅಲ್ಲಿನ ತಹಸೀಲ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಕೊಪ್ಪಳ ಪೇಟೆಯ ಕಿರಾಣಿ ಅಂಗಡಿಯವರ ಮಗ. ಆಗ ನಿಜಾಮರ ಆಡಳಿತ, ಕಚೇರಿಯ ಕೆಲಸವೆಲ್ಲ ಉರ್ದುವಿನಲ್ಲಿ. ಇವರು ಆ ಉರ್ದುವನ್ನು ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದರು. ನಾನು ಬೇವೂರಿನ ಒಕ್ಕಲುತನದ ಮನೆಯವಳು. ಅಪ್ಪ ಉಸುಕಿನಲ್ಲಿ ನನ್ನ ಬೆರಳು ಹಿಡಿದು ಕನ್ನಡ ಅಕ್ಷರ ತಿದ್ದಿಸಿದ್ದ. ಅದರಾಚೆಗೆ ನನ್ನ ವಿದ್ಯೆಯೆಲ್ಲ ದನದ ಕೊಟ್ಟಿಗೆಯಲ್ಲಿ ಕಲಿತದ್ದು.

ನನಗೆ ಉರ್ದು ಬಾರದು, ಅವರಿಗೆ ದನ ಬಾರದು. ಮದುವೆಯಾದ ಹೊಸದರಲ್ಲಿ ಬೇವೂರಿಗೆ ಬಂದಾಗ, ನನ್ನ ಅಣ್ಣಂದಿರ ಜೊತೆ ಕೊಟ್ಟಿಗೆ ನೋಡಲು ಹೋಗಿ, ಗಬ್ಬದ ಆಕಳೊಂದನ್ನು ಬಲು ಮೆಚ್ಚಿಕೊಂಡು, “ಈ ಎತ್ತು ಭಾಳ ಛಲೋ ಮೇದೈತಿ” ಅಂದಿದ್ದರು. ಅಳಿಯನೆಂಬ ಮರ್ಯಾದೆಗೆ ಅಣ್ಣಂದಿರು ಅಲ್ಲಿ ನಗಲಿಲ್ಲ. ಹೊರಗೆ ಬಂದು ಹುಲ್ಲಿನ ಬಣವೆಯ ಹಿಂದೆ ಕೂತು ನಕ್ಕರು.

ಇಂಥವರಿಗೆ ಕಚೇರಿಯಲ್ಲಿ ಸಿಕ್ಕ ಕೆಲಸ ಯಾವುದೆಂದರೆ ಕೊಂಡವಾಡದ ಕಾಗದಪತ್ರ. ಕೊಂಡವಾಡ ಎಂದರೆ ಮಂದಿಯ ಹೊಲ ಹೊಕ್ಕ ದನ, ಒಡೆಯನಿಲ್ಲದೆ ಅಲೆಯುವ ದನ ಇವನ್ನೆಲ್ಲ ಹಿಡಿದು ತಂದು ಕೂಡಿಹಾಕುವ ಕಲ್ಲುಗೋಡೆಯ ದೊಡ್ಡಿ. ಅದು ನಮ್ಮ ಬಾಡಿಗೆ ಮನೆಯ ಎದುರಿಗೇ ಇತ್ತು. ಜಗಲಿಯ ಮೇಲೆ ಕೂತು ಜೋಳ ಹಸನು ಮಾಡುವಾಗ ಯಾವ ಊರಿನ ಯಾವ ದನ ಒಳಗೆ ಹೋಯಿತು, ಯಾವುದು ಹೊರಗೆ ಬಂತು ಎಂಬುದೆಲ್ಲ ನನಗೆ ಕಾಣುತ್ತಿತ್ತು.

ದನ ಕಳಕೊಂಡವರು ಕಚೇರಿಗೆ ಬಂದು ಒಂದು ನಮೂನೆ ತುಂಬಿಸಬೇಕು. ಅದು ಪೂರ್ತಿ ಉರ್ದು. ನಮ್ಮವರು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದರು. ಹೆಸರು, ಊರು ಆದಮೇಲೆ ದನ ಹೇಗಿದೆ ಎಂದು ಬರೆಯಬೇಕಾದ ಒಂದು ಕಿರಿದಾದ ಕಾಲಂ. ಅದರ ತಲೆಯ ಮೇಲೆ ‘ಹುಲಿಯಾ’ ಅಂತ ಇತ್ತು. ಉರ್ದುವಿನಲ್ಲಿ ಅದಕ್ಕೆ ಗುರುತು, ಚಹರೆ ಎಂದರ್ಥವಂತೆ. ಇವರು ಸರ್ಕಾರದ ಮಾತನ್ನು ಇದ್ದಂತೆಯೇ ಕೇಳುವವರು.

“ಹುಲಿಯಾ ಹೇಳಪಾ.”

“ಹುಲಿ ಅಲ್ರಿ ಸಾಹೇಬ್ರ, ಎತ್ತು.”

“ಎತ್ತಿಂದೇ ಹುಲಿಯಾ ಹೇಳು.”

“ಹುಲಿ ಹಿಡದಿಲ್ರಿ ಅದನ್ನ. ಹಗ್ಗ ಹರಕೊಂಡು ಹೋಗೈತಿ!”

ಈ ಮಾತು ವಾರಕ್ಕೆರಡು ಸಲವಾದರೂ ನಡೆಯುತ್ತಿತ್ತು. ಇವರು ಮನೆಗೆ ಬಂದು ಹೇಳುವಾಗ ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ನಗುತ್ತಿದ್ದೆ. ಕಡೆಗೆ ಆ ಕಾಲಂನಲ್ಲಿ ಇವರು ಬರೆಯುತ್ತಿದ್ದುದು ಒಂದೇ: ಬಿಳಿ, ಎರಡು ಕೋಡು, ಸಾಧಾರಣ ಎತ್ತರ. ನಮ್ಮ ಸೀಮೆಯ ಎತ್ತುಗಳಲ್ಲಿ ಬಿಳಿ ಅಲ್ಲದ್ದು ಎಷ್ಟಿವೆ? ಯಾವ ಎತ್ತಿಗೆ ಎರಡು ಕೋಡಿಲ್ಲ?

ಒಂದು ಸಲ ತಾವರಗೇರಾ ಕಡೆಯ ಒಬ್ಬ ರೈತನಿಗೆ ಕಚೇರಿಯಿಂದ ಹೇಳಿಕಳಿಸಿದರು, ನಿನ್ನ ಎತ್ತು ಸಿಕ್ಕಿದೆ, ಬಂದು ಒಯ್ಯಿ ಎಂದು. ಐವತ್ತರ ಹತ್ತಿರದ ಮನುಷ್ಯ. ಬುತ್ತಿ ಕಟ್ಟಿಕೊಂಡು ನಡೆದು ಬಂದ. ಕೊಂಡವಾಡದ ಬಾಗಿಲು ತೆಗೆದರು. ಅವನು ಒಂದು ಸಲ ನೋಡಿ, “ಇದು ನಂದಲ್ರಿ” ಅಂದ.

ಕಚೇರಿಯ ಪೇಶಕಾರ ಸಾಹೇಬರು, ಅಂದರೆ ಗುಮಾಸ್ತರ ಮೇಲಿನ ಅಧಿಕಾರಿ, ಕನ್ನಡಕ ಏರಿಸಿ ಕಾಗದ ಓದಿದರು. ವಯಸ್ಸಾದವರು, ಸಂಭಾವಿತರು, ಆದರೆ ಕಾಗದದಲ್ಲಿ ಇದ್ದದ್ದೇ ನಿಜ ಎಂದು ನಂಬಿದವರು. “ಸಫೇದ್ ಐತಿ. ದೋ ಸಿಂಗ್, ಎರಡು ಕೋಡು ಅದಾವ. ಎತ್ತರಾನೂ ಬರೋಬ್ಬರಿ ಐತಿ. ನಿಂದೇ. ಹೆಬ್ಬೆಟ್ಟು ಒತ್ತು, ಹೊಡಕೊಂಡು ಹೋಗು.”

“ಸಾಹೇಬ್ರ, ನನ್ನ ಎತ್ತು ನನಗ ಗೊತ್ತಾಗಂಗಿಲ್ಲೇನ್ರಿ? ಮಂದಿ ಎತ್ತು ಒಯ್ದು ನಾ ಏನ್ ಮಾಡ್ಲಿ?”

“ಕಾಗಜ್ ಪ್ರಕಾರ ನಿಂದು ಐತಿ.”

ಅವನು ಒಯ್ಯಲಿಲ್ಲ. ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೇ ಹೊರಗೆ ಬಂದು ನಮ್ಮ ಜಗಲಿಯ ಮೇಲೆ ಕೂತ. ನೀರು ಕೊಟ್ಟೆ. ಅಳಬೇಕೋ ನಗಬೇಕೋ ತಿಳಿಯದ ಮುಖ.

“ಅಣ್ಣಾ, ನಿನ್ನ ಎತ್ತು ಹ್ಯಾಂಗಿತ್ತು?” ಅಂದೆ.

ಅವನು ಹೇಳತೊಡಗಿದ. ನೊಗದ ಎಡಕ್ಕೆ ಕಟ್ಟುವ ಎತ್ತು. ಆರು ಹಲ್ಲು. ಬಲಗೋಡಿನ ತುದಿ ಸವೆದಿದೆ. ಬೆನ್ನ ಮೇಲೆ ಜೋಡು ಸುಳಿ. ಹುಟ್ಟಿದಾಗ ನಾಯಿ ಕಚ್ಚಿ ಎಡಗಿವಿ ಚೂರು ಸೀಳಿದೆ. ಹೆಸರು ಹಿಡಿದು ಕರೆದರೆ ಮೇವು ಬಿಟ್ಟು ತಿರುಗಿ ನೋಡುತ್ತದೆ. ಇಷ್ಟು ಹೇಳುವಷ್ಟರಲ್ಲಿ ಅವನ ಮುಖ ಅರಳಿತ್ತು.

“ಮತ್ತ ಒಳಗಿರೋ ಎತ್ತು?”

ಅದನ್ನೂ ಹೇಳಿದ. ಒಂದೇ ಸಲ ನೋಡಿದ್ದ, ಆದರೂ ನಾಲ್ಕು ಹಲ್ಲು ಇರಬೇಕೆಂದು, ಹಿಂದಿನ ತೊಡೆಯ ಮೇಲೆ ಹಳೆಯ ಬರೆಯ ಕಲೆ ಇದೆಯೆಂದು, ಕೋಡು ಹಿಂದಕ್ಕೆ ಬಾಗಿವೆಯೆಂದು.

ಮಧ್ಯಾಹ್ನ ಇವರು ಊಟಕ್ಕೆ ಬಂದಾಗ ಎಲ್ಲ ಹೇಳಿದೆ. ಇವರು ಕಚೇರಿಗೆ ಹೋಗಿ ಕಾಗದದ ಕಟ್ಟು ಬಿಚ್ಚಿ ನೋಡಿದರು. ಆ ಎತ್ತಿನ ಒಡೆಯ ಯಾರೋ ಅದರಲ್ಲಿ ಇರಲೇಬೇಕು. ಆದರೆ ಎಲ್ಲ ಕಾಗದವೂ ಬಿಳಿ, ಎರಡು ಕೋಡು, ಸಾಧಾರಣ ಎತ್ತರ. ಎಲ್ಲವೂ ಇವರದೇ ಮುತ್ತಿನಂಥ ಅಕ್ಷರ.

ನಾಲ್ಕು ದಿನ ಬಿಟ್ಟು ಸಂತೆಗೆ ಬಂದ ಹನುಮಸಾಗರ ಕಡೆಯ ಒಬ್ಬ ತನ್ನ ಎತ್ತಿನ ಸುದ್ದಿ ಕೇಳಲು ಬಂದು ನಮ್ಮ ಜಗಲಿಯ ಮೇಲೆ ಕಾಯುತ್ತ ಕೂತಿದ್ದ. ನಾನು ಕೇಳಿದೆ. ನಾಲ್ಕು ಹಲ್ಲು, ತೊಡೆಯ ಮೇಲೆ ಬರೆ, ಬಾಗಿದ ಕೋಡು. ಇವರನ್ನು ಕರೆಸಿದೆ. ಬಾಗಿಲು ತೆಗೆದ ಕೂಡಲೇ ಆ ಎತ್ತು ತಾನೇ ಅವನ ಹತ್ತಿರ ಬಂದು ಅಂಗೈ ನೆಕ್ಕಿತು. ತಾವರಗೇರಾದವನ ಎತ್ತು ಅದಕ್ಕೂ ಮೊದಲೇ ಯಾವ ಸರ್ಕಾರದ ಸಹಾಯವೂ ಇಲ್ಲದೆ ತಾನೇ ಮನೆ ಸೇರಿತ್ತು ಎಂದು ಆಮೇಲೆ ಗೊತ್ತಾಯಿತು.

ಅಂದು ಸಂಜೆ ಇವರು ಶಾಯಿಯ ಕುಡಿಕೆ, ಲೇಖನಿ ತಂದು ಒಲೆಯ ಮುಂದೆಯೇ ಕೂತರು.

“ನೀ ಏನೇನ್ ಕೇಳಿದಿ, ಹೇಳು. ಬರಕೋತೀನಿ.”

“ಯಾಕ್ರಿ?”

“ನನಗ ಗೊತ್ತಿಲ್ಲದ್ದು ನಮೂನಿಗೆ ಗೊತ್ತಿರಬೇಕು. ಅಂದ್ರ ಯಾವ ಗುಮಾಸ್ತ ಬಂದ್ರೂ ನಡೀತೈತಿ.”

ಇವರ ಬಗ್ಗೆ ನನಗೆ ಹೆಮ್ಮೆ ಅನಿಸಿದ್ದು ಅವತ್ತು. ತನಗೆ ತಿಳಿಯದು ಎಂದು ಹೆಂಡತಿಯ ಮುಂದೆ ಹೇಳುವ ಗಂಡಸರನ್ನು ನಾನು ಹೆಚ್ಚು ನೋಡಿರಲಿಲ್ಲ.

ನಾನು ಮಾತ್ರ ನನ್ನ ಜಾಣತನವನ್ನೆಲ್ಲ ಒಂದೇ ಕಾಗದದಲ್ಲಿ ತುಂಬಲು ಹೋದೆ. ಗೊರಸು, ಬಾಲದ ಕುಚ್ಚು, ಕಣ್ಣಿನ ಸುತ್ತಲ ಕಪ್ಪು, ಗಂಗೆದೊಗಲು, ತಾಯಿ ಯಾವ ಬಣ್ಣ, ಸೋದರ ಎತ್ತು ಉಂಟೋ ಇಲ್ಲವೋ. ಬರೆದು ಮುಗಿಸಿದಾಗ ಇಪ್ಪತ್ತಮೂರು ಪ್ರಶ್ನೆ ಆಗಿದ್ದವು. ಮರುದಿನ ಮಜ್ಜಿಗೆ ಮಾರಲು ಬಂದ ಮುದುಕಿಯನ್ನು ಕೂಡಿಸಿಕೊಂಡು, ನಿನ್ನ ಆಕಳು ಕಳೆದಿದೆ ಅಂತ ತಿಳಕೋ ಎಂದು ಹೇಳಿ, ಒಂದೊಂದೇ ಪ್ರಶ್ನೆ ಕೇಳಿದೆ. ಹತ್ತನೆಯದಕ್ಕೆ ಅವಳು ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡು ಎದ್ದಳು.

“ಯವ್ವಾ, ಹೆಣ್ಣು ನೋಡಾಕ ಬಂದಾವ್ರೂ ಇಷ್ಟು ಕೇಳಂಗಿಲ್ಲ. ನೀ ಇದನ್ನೆಲ್ಲಾ ಕೇಳಿ ಮುಗಸೋದ್ರಾಗ ನನ್ನ ಆಕಳ ಗಂಗಾವತಿ ಮುಟ್ಟಿರ್ತೈತಿ!”

ನನಗೆ ಸಿಟ್ಟು ಬಂತು. ಒಂದು ದಿನವೆಲ್ಲ ಆ ಕಾಗದ ಮುಟ್ಟಲಿಲ್ಲ. ಆಮೇಲೆ ಮುದುಕಿ ಹೇಳಿದ್ದೇ ಸರಿ ಅನಿಸಿತು. ಯಾವ ಪ್ರಶ್ನೆಗೆ ಉತ್ತರ ಬಂದರೆ ಒಂದು ದನ ಇನ್ನೊಂದರಿಂದ ಬೇರೆಯಾಗುತ್ತದೋ ಅದು ಇರಲಿ, ಉಳಿದದ್ದು ಹೋಗಲಿ ಎಂದು ಒಂದೊಂದಾಗಿ ಹೊಡೆದುಹಾಕಿದೆ. ಏಳು ಉಳಿದವು. ‘ಹುಲಿಯಾ’ ಹೋಗಿ ‘ನಿಮ್ಮ ದನದ ಗುರುತು’ ಬಂತು. ವಯಸ್ಸು ಹೋಗಿ ‘ಎಷ್ಟು ಹಲ್ಲು’ ಬಂತು, ಏಕೆಂದರೆ ದನದ ವಯಸ್ಸನ್ನು ವರ್ಷದಲ್ಲಿ ಹೇಳುವ ರೈತ ನಮ್ಮಲ್ಲಿಲ್ಲ. ಕರೆಯುವ ಹೆಸರು ಯಾವುದು ಎಂಬ ಪ್ರಶ್ನೆಯನ್ನು ಇವರು ತೆಗೆಯಲು ನೋಡಿದರು, ನಾನು ಬಿಡಲಿಲ್ಲ. ಮೊದಲು ಉರ್ದುವಿನಲ್ಲಿ, ಅದರ ಕೆಳಗೇ ಕನ್ನಡದಲ್ಲಿ ಬರೆದೆವು.

ಆದರೂ ಒಂದು ತೊಡಕು ಉಳಿಯಿತು. ಸುಳಿ ಎಲ್ಲಿ, ಬರೆ ಎಲ್ಲಿ ಎಂದು ಮಾತಿನಲ್ಲಿ ಹೇಳುವುದು ಕಷ್ಟ. ರೈತ ‘ಇಲ್ಲಿ’ ಎಂದು ತನ್ನ ಮೈಯನ್ನೇ ಮುಟ್ಟಿ ತೋರಿಸುತ್ತಿದ್ದ. ಅದನ್ನು ಇವರು ಹೇಗೆ ಬರೆಯಬೇಕು?

ಅದಕ್ಕೆ ದಾರಿ ಸಿಕ್ಕದ್ದು ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ. ನಮ್ಮ ಕಡೆ ಆ ಹಬ್ಬಕ್ಕೆ ಮನೆಮನೆಯಲ್ಲೂ ಕರಿಮಣ್ಣಿನಿಂದ ಜೋಡೆತ್ತು ಮಾಡಿ ಪೂಜಿಸುತ್ತೇವೆ. ನಾನು ಮಾಡಿದ ಎತ್ತು ಜಗಲಿಯ ಗೂಡಿನಲ್ಲಿ ಇನ್ನೂ ಹಸಿಯಾಗಿ ಕೂತಿದ್ದವು. ಮಾತು ತೊದಲುವ ಒಬ್ಬ ರೈತ ಇವರೊಡನೆ ಅಲ್ಲಿಯೇ ನಿಂತು ತನ್ನ ಎತ್ತಿನ ಗುರುತು ಹೇಳಲು ಒದ್ದಾಡುತ್ತಿದ್ದ. ಕಡೆಗೆ ಗೂಡಿನಿಂದ ಒಂದು ಮಣ್ಣೆತ್ತನ್ನು ಮೆಲ್ಲಗೆ ಎತ್ತಿಕೊಂಡು, ಹಣೆಗೆ ಹಚ್ಚಿಕೊಂಡು, ಉಗುರಿನಿಂದ ಅದರ ಹೆಗಲ ಮೇಲೆ ಒಂದು ಗೆರೆ, ಪಕ್ಕೆಯ ಮೇಲೆ ಒಂದು ಸುತ್ತು ಕೊರೆದು ಇವರ ಕೈಗೆ ಕೊಟ್ಟ.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಪ್ರತಿಯೊಬ್ಬರಿಗೂ ಒಂದು ಮಣ್ಣೆತ್ತು ಕೊಡಲಾಗದು. ಆದರೆ ಕಾಗದದ ಮೇಲೆ ಎತ್ತು ಬರೆಯಬಹುದಲ್ಲ!

ನಾನು ರಂಗೋಲಿ ಹಾಕುವ ಕೈಯಿಂದಲೇ ಬರೆದೆ. ಬರೇ ಹೊರಗೆರೆ, ಒಳಗೆ ಖಾಲಿ. ಮೊದಲು ಒಂದೇ ಎತ್ತು ಬರೆದು ಎಡಕ್ಕೆ, ಬಲಕ್ಕೆ ಎಂದು ಬರೆದಿದ್ದೆ. ಅದಕ್ಕೂ ಜಗಳ ಬಂತು. ಎತ್ತಿನ ಎದುರು ನಿಂತು ನೋಡುವ ಗುಮಾಸ್ತನ ಎಡ ಬೇರೆ, ನೇಗಿಲ ಹಿಂದೆ ನಿಂತು ಗಳೆ ಹೊಡೆಯುವ ರೈತನ ಎಡ ಬೇರೆ. ಹಾಗಾಗಿ ಎಡಬಲದ ಮಾತನ್ನೇ ತೆಗೆದು ಎರಡು ಎತ್ತು ಬರೆದೆ, ಒಂದು ಅತ್ತ ಮುಖ ಮಾಡಿದ್ದು, ಒಂದು ಇತ್ತ ಮುಖ ಮಾಡಿದ್ದು. ಯಾವ ಮಗ್ಗುಲಲ್ಲಿ ಗುರುತಿದೆಯೋ ಅಲ್ಲಿ ರೈತ ತಾನೇ ಶಾಯಿಯ ಚುಕ್ಕೆ ಇಟ್ಟರೆ ಮುಗಿಯಿತು. ಓದುಬರಹ ಬೇಕಿಲ್ಲ.

ಮಜ್ಜಿಗೆಯ ಮುದುಕಿಯನ್ನು ಮತ್ತೆ ಕೂಡಿಸಿದೆ. ಅವಳು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಬೆರಳಿನ ತುದಿಯನ್ನು ಶಾಯಿಯಲ್ಲಿ ಅದ್ದಿ, ಹಣೆಯ ಮೇಲೆ ಒಂದು ಚುಕ್ಕೆ, ಹಿಂದಿನ ಕಾಲಿನ ಮೇಲೆ ಒಂದು ಚುಕ್ಕೆ ಇಟ್ಟಳು. ಆಮೇಲೆ ಕಾಗದವನ್ನು ದೂರ ಹಿಡಿದು ನೋಡಿ, “ನಮ್ಮದ!” ಅಂದಳು. ಅಷ್ಟು ಖುಷಿ ಆಯಿತು ಅವಳಿಗೆ, ಆ ಕಾಗದ ನನಗೇ ಕೊಡು ಎಂದು ಹಟ ಹಿಡಿದು ಒಯ್ದಳು.

ಪೇಶಕಾರ ಸಾಹೇಬರಿಗೆ ಖುಷಿ ಆಗಲಿಲ್ಲ. ಇವರು ಆ ನಮೂನೆಯನ್ನು ಮೇಜಿನ ಮೇಲೆ ಇಟ್ಟಾಗ ಅವರು ಅದನ್ನು ತಿರುವಿ ತಿರುವಿ ನೋಡಿದರಂತೆ.

“ಸರ್ಕಾರಿ ಕಾಗಜ್ ಮ್ಯಾಲೆ ಎತ್ತಿಂದು ತಸ್ವೀರ್? ನಾಳೆ ಮನಿ ಕಾಗಜ್ ಮ್ಯಾಲೆ ಮನಿ ಬರೀತೀರಿ, ಬಾವಿ ಕಾಗಜ್ ಮ್ಯಾಲೆ ಕೊಡ ಬರೀತೀರಿ. ಇದು ಕಚೇರಿ ಐತ್ರಿ, ಬೊಂಬಿ ಅಂಗಡಿ ಅಲ್ಲ. ಮತ್ತ ಇದೇನು, ಎತ್ತಿನ ಹೆಸರು? ಅದರ ಸಹಿನೂ ತಗೋತೀರೇನು?”

ಇವರು ಕಾಗದ ಮಡಚಿಕೊಂಡು ಬಂದರು. ನಾನು ಬರೆದದ್ದೆಂದು ಅಲ್ಲಿ ಹೇಳಿರಲಿಲ್ಲ. ಹೇಳಿದ್ದರೆ ಇನ್ನೂ ಕೆಡುತ್ತಿತ್ತು ಎಂದರು. ನನಗೂ ಬೇಸರವಾಯಿತು. ಆದರೆ ಸಾಹೇಬರು ಕೆಟ್ಟವರೆಂದು ನನಗೆ ಅನಿಸಲಿಲ್ಲ. ಅವರು ಮೂವತ್ತು ವರ್ಷ ಅಕ್ಷರವನ್ನೇ ಪ್ರೀತಿಸಿದವರು. ಅಕ್ಷರ ಬಾರದವರ ಕಡೆಯಿಂದ ಕಾಗದವನ್ನು ನೋಡುವ ಪ್ರಸಂಗ ಅವರಿಗೆ ಬಂದಿರಲಿಲ್ಲ.

ಆ ಪ್ರಸಂಗ ದಸರೆಯ ಹೊತ್ತಿಗೆ ಬಂತು. ಸಾಹೇಬರ ಮನೆಯ ಹಾಲಿನ ಆಕಳು ಮೇಯಲು ಹೋದದ್ದು ತಿರುಗಿ ಬರಲಿಲ್ಲ. ಮೂರನೆಯ ದಿನ ಅವರು ತಮ್ಮ ಕಚೇರಿಯಲ್ಲಿ ತಾವೇ ಹಳೆಯ ನಮೂನೆ ತುಂಬಲು ಕೂತರು. ಹೆಸರು, ಊರು ಸೊಗಸಾಗಿ ಬರೆದರು. ಹುಲಿಯಾ ಎಂಬಲ್ಲಿ ಲೇಖನಿ ನಿಂತಿತು. ಆಕಳು ಕೆಂದು ಬಣ್ಣದ್ದು ಎಂಬುದು ಗೊತ್ತಿತ್ತು. ಅದರ ಹಾಲು ಎಷ್ಟು ಗಟ್ಟಿ ಎಂಬುದು ಗೊತ್ತಿತ್ತು. ಕೋಡು ಹೇಗಿದ್ದವು ಎಂಬುದು ಎಷ್ಟು ನೆನೆದರೂ ಬರಲಿಲ್ಲ.

ಇವರು ಮೆಲ್ಲಗೆ ನಮ್ಮ ನಮೂನೆಯ ಒಂದು ಪ್ರತಿಯನ್ನು ಮುಂದಿಟ್ಟು, “ಮನಿಗೆ ಒಯ್ದು ತುಂಬಿಸ್ರಿ” ಅಂದರಂತೆ.

ಮರುದಿನ ಆ ಕಾಗದ ತಿರುಗಿ ಬಂತು. ಸಾಹೇಬರ ಬೇಗಂ ಪರದೆಯ ಮನೆಯವರು, ಹೊರಗೆ ಬರುವವರಲ್ಲ. ಕಾಗದದ ತುಂಬ ಅವರು ಇಟ್ಟ ಚುಕ್ಕೆಗಳು. ಹಣೆಯ ಮೇಲಿನ ಬಿಳಿ ಮಚ್ಚೆ, ಕೆಚ್ಚಲಿನ ಹತ್ತಿರದ ಗಂಟು, ಒಂದು ಕೋಡನ್ನು ಕೆಳಕ್ಕೆ ಬಾಗಿಸಿ ತಿದ್ದಿದ ಗೆರೆ. ಎತ್ತಿನ ಚಿತ್ರಕ್ಕೆ ಕೆಚ್ಚಲನ್ನೂ ತಾವೇ ಬರೆದು ಸೇರಿಸಿದ್ದರು. ಕರೆಯುವ ಹೆಸರಿನ ಜಾಗದಲ್ಲಿ ಉರ್ದುವಿನಲ್ಲಿ ಒಂದು ಮುದ್ದಿನ ಹೆಸರು. ಅದನ್ನು ಓದಿ ಸಾಹೇಬರು, “ಹಿಂಗ ಕರೀತಾರಂತ ನನಗ ಗೊತ್ತೇ ಇರಲಿಲ್ಲ” ಅಂದರಂತೆ.

ಆ ಕಾಗದದ ನಕಲನ್ನು ಸುತ್ತಲ ಕೊಂಡವಾಡಗಳಿಗೆ ಕಳಿಸಿದರು. ಯಲಬುರ್ಗಿಯ ಕೊಂಡವಾಡದಲ್ಲಿ ಕಾವಲುಗಾರ ಕಾಗದವನ್ನು ಗೋಡೆಗೆ ಹಿಡಿದು, ದನಗಳನ್ನು ಒಂದೊಂದಾಗಿ ನೋಡಿ, ಆಕಳನ್ನು ಗುರುತಿಸಿ, ಹೆಸರು ಹಿಡಿದು ಕರೆದನಂತೆ. ಅದು ತಿರುಗಿ ನೋಡಿತಂತೆ.

ಆಕಳು ಮನೆಗೆ ಬಂದ ದಿನ ಸಾಹೇಬರು ಇವರನ್ನು ಕರೆದು, “ಖರೆ ಹೇಳ್ರಿ, ಈ ತಸ್ವೀರ್ ಯಾರು ತೆಗದಿದ್ದು?” ಅಂದರು. ಇವರು ತಲೆ ತಗ್ಗಿಸಿ, “ನಮ್ಮ ಮನಿಯಾಕಿ” ಅಂದರು. ಸಾಹೇಬರು, “ನಮ್ಮ ಮನಿಯಾಕಿ ನಿಮ್ಮ ಮನಿಯಾಕೀನ ಚಹಾಕ್ಕ ಕರದಾಳ” ಅಂದರು. ನಾನು ಹೋದೆ. ಬೇಗಮರಿಗೆ ಕನ್ನಡ ಅಷ್ಟಾಗಿ ಬಾರದು, ನನಗೆ ಉರ್ದು ಬಾರದು. ಇಬ್ಬರೂ ಆ ಆಕಳಿನ ಕೊರಳು ತುರಿಸುತ್ತ ಒಂದು ಸಂಜೆ ಕಳೆದೆವು.

ಮುಂದೆ ಸಾಹೇಬರೇ ಮೇಲಿನವರಿಗೆ ಬರೆದು ನಮೂನೆಯನ್ನು ಅಚ್ಚು ಹಾಕಿಸಿದರು. ಆಗ ಉರ್ದುವನ್ನು ಕೈಯಿಂದ ಬರೆದು ಕಲ್ಲಿನ ಮೇಲೆ ಇಳಿಸಿ ಅಚ್ಚು ಮಾಡುತ್ತಿದ್ದರು, ಅದರಿಂದ ಚಿತ್ರ ಹಾಕುವುದೂ ಸುಲಭ. ಆದರೆ ಅಚ್ಚಿಗೆ ಬರೆಯುವವರು ನನ್ನ ಎತ್ತನ್ನು ತಮ್ಮ ರುಚಿಗೆ ತಕ್ಕಂತೆ ಸುಂದರ ಮಾಡಿಬಿಟ್ಟಿದ್ದರು. ಹೆಗಲು ನುಣುಪು, ಕುತ್ತಿಗೆ ಉದ್ದ, ಕೋಡು ಎರಡು ಕಡ್ಡಿ. ಮೊದಲ ಕಟ್ಟು ಬಂದ ದಿನ ಒಬ್ಬ ರೈತ ಅದನ್ನು ಬಹಳ ಹೊತ್ತು ನೋಡಿ, “ಎಲ್ಲಾ ಛಲೋ ಐತ್ರಿ. ಆದ್ರ ನಂದು ಕತ್ತೆ ಕಳದಿಲ್ರಿ, ಎತ್ತು” ಅಂದ. ಕಚೇರಿಗೆ ಕಚೇರಿಯೇ ನಕ್ಕಿತು, ಸಾಹೇಬರೂ ನಕ್ಕರು. ಯುದ್ಧದ ಕಾಲ, ಕಾಗದ ಸಿಗದ ದಿನಗಳು, ಆ ಕಟ್ಟನ್ನು ಎಸೆಯುವಂತಿರಲಿಲ್ಲ. ಎಷ್ಟೋ ಮಧ್ಯಾಹ್ನ ನಾನು ಜಗಲಿಯ ಮೇಲೆ ಕೂತು ಒಂದೊಂದು ಕತ್ತೆಗೂ ಹೆಗಲ ಮೇಲೆ ಇಣಿಯ ಡುಬ್ಬ ಏರಿಸಿ, ಕೋಡು ತಿದ್ದಿ ಎತ್ತು ಮಾಡಿದೆ. ಮುಂದಿನ ಸಲ ಅಚ್ಚಿಗೆ ಕಳಿಸುವಾಗ ಸಾಹೇಬರು ಅಂಚಿನಲ್ಲಿ ತಮ್ಮ ಕೈಯಾರೆ ಬರೆದರು: ಚಿತ್ರವನ್ನು ಚೆಂದ ಮಾಡಬಾರದು.

ಎರಡು ವರ್ಷ ಬಿಟ್ಟು ಇವರಿಗೆ ಗಂಗಾವತಿಗೆ ವರ್ಗವಾಯಿತು. ಅದು ಭತ್ತದ ಸೀಮೆ. ಅಲ್ಲಿ ಎಮ್ಮೆಗಳ ರಾಜ್ಯ. ಎಲ್ಲವೂ ಕಪ್ಪು. ಇವರು ಕುಷ್ಟಗಿಯಿಂದ ಒಯ್ದ ನಮೂನೆಯನ್ನು ನವಲಿಯ ಒಬ್ಬ ಹೆಣ್ಣುಮಗಳ ಮುಂದಿಟ್ಟಾಗ ಅವಳು ಸೊಂಟದ ಮೇಲೆ ಕೈ ಇಟ್ಟಳು.

“ಇದ್ರ ಮ್ಯಾಲೆ ನನ್ನ ಎಮ್ಮಿ ಗುರ್ತು ಹ್ಯಾಂಗ ಹಚ್ಚಲ್ರಿ? ನನ್ನ ಎಮ್ಮಿ ಮಾರಿ ಹಿಂಗಿಲ್ಲ. ಕೋಡು ಹಿಂಗಿಲ್ಲ. ಬೆನ್ನಿನ ಮ್ಯಾಲೆ ಈ ಗುಡ್ಡ ಯಾತಕ್ಕ ಬಂತು?”

ಇವರು ಅವಳನ್ನು ನೇರವಾಗಿ ಮನೆಗೆ ಕರೆದುಕೊಂಡು ಬಂದರು. “ಮತ್ತೊಂದು ಬರೀಬೇಕಾಗೈತಿ ನೋಡು” ಅಂದರು ನನಗೆ. ನಾನು ಜೋಳದ ಸೀಮೆಯವಳು, ಎಮ್ಮೆಯ ವಿದ್ಯೆ ನನಗೆ ಅಷ್ಟಕ್ಕಷ್ಟೆ. ಹಾಗೆಂದು ಹೇಳಿದೆ. ಅವಳು ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಕೂತು, ಕೋಡು ಎಷ್ಟು ಸುತ್ತಬೇಕು, ಹೊಟ್ಟೆ ಎಷ್ಟು ಇಳಿಯಬೇಕು ಎಂದು ಬೆರಳಿನಿಂದ ತೋರಿಸುತ್ತ ಹೋದಳು. ನಾನು ಬರೆಯುತ್ತ ಹೋದೆ. ನಾಲ್ಕು ಕಾಗದ ಕೆಟ್ಟವು. ಐದನೆಯದು ಅವಳಿಗೆ ಒಪ್ಪಿಗೆಯಾಯಿತು. ಶಾಯಿಯಲ್ಲಿ ಬೆರಳು ಅದ್ದಿ ತನ್ನ ಎಮ್ಮೆಯ ಗುರುತುಗಳನ್ನು ತಾನೇ ಇಟ್ಟಳು.

ಎಮ್ಮೆ ಆ ವಾರವೇ ಕಾರಟಗಿ ಕಡೆ ಸಿಕ್ಕಿತು. ಅವಳು ಮೊಸರಿನ ಗಡಿಗೆ ಹೊತ್ತುಕೊಂಡು ಹೇಳಲು ಬಂದಳು. ನಾನು ಹಿಗ್ಗಿನಿಂದ ಹೊಸ ನಮೂನೆಯನ್ನು ಮತ್ತೆ ತೋರಿಸಿದೆ. ಅವಳು ಗಡಿಗೆ ಇಳಿಸಿ, ಕಾಗದ ಈಸಿಕೊಂಡು, ನಿಧಾನವಾಗಿ ನೋಡಿದಳು.

“ಎಲ್ಲಾ ಬರೋಬ್ಬರಿ ಐತಿ, ಅಕ್ಕಾ. ಬಾಲ ಒಂದೀಟು ಮೋಟ ಆಗೇತಿ.”

ನಾನು ಲೇಖನಿ ತೆಗೆದುಕೊಂಡು ಬಾಲವನ್ನು ಉದ್ದ ಮಾಡಿದೆ.